ವಾರಕ್ಕೊಮ್ಮೆಯ ಸಂಧಿವಾತದ ಮಾತ್ರೆ: ಅತ್ತೆಯವರಿಗೆ ಆರಂಭಿಸಲು ಮನೆಯವರೆಲ್ಲರಿಗೂ ಭಯ

ಪ್ರಶ್ನೆ: ಕಾನುಮನೆ, ಶಿರಸಿ ತಾಲ್ಲೂಕು

ನಮ್ಮ ಅತ್ತೆಯವರಿಗೆ ಈಗ 54 ವರ್ಷ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಎರಡೂ ಕೈಗಳ ಬೆರಳ ಬುಡದ ಗಂಟುಗಳೂ ಮಣಿಕಟ್ಟುಗಳೂ ಊದಿಕೊಂಡು ನೋಯತೊಡಗಿದವು. ಆಮೇಲೆ ಪಾದದ ಮುಂಭಾಗದಲ್ಲೂ ನೋವು ಕಾಣಿಸಿಕೊಂಡಿತು. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಬರುವುದಿಲ್ಲ, ಕೊಟ್ಟಿಗೆಗೆ ಹೋದರೆ ಹಾಲು ಕರೆಯಲು ಆಗುವುದಿಲ್ಲ, ಒಂಬತ್ತು ಗಂಟೆ ದಾಟಿದ ಮೇಲೆಯೇ ಬೆರಳುಗಳು ಸ್ವಲ್ಪ ಸಡಿಲವಾಗುತ್ತವೆ. ಆಗ ಊರಿನಲ್ಲಿ ಚಿಕುನ್‌ಗುನ್ಯಾ ಇದ್ದುದರಿಂದ ಅದೇ ಇರಬೇಕೆಂದು ಎಲ್ಲರೂ ಭಾವಿಸಿದೆವು, ಆದರೆ ಅವರಿಗೆ ಜ್ವರವೇ ಬಂದಿರಲಿಲ್ಲ. ಹತ್ತಿರದ ಕ್ಲಿನಿಕ್ ಒಂದರಲ್ಲಿ ವಾಯುವಿನ ನೋವೆಂದು ಇಂಜೆಕ್ಷನ್ ಕೊಡುತ್ತಿದ್ದರು. ಕೊಟ್ಟ ಮೂರ್ನಾಲ್ಕು ದಿನ ನೋವೇ ಇರುತ್ತಿರಲಿಲ್ಲ, ಬಳಿಕ ಮೊದಲಿಗಿಂತ ಜೋರಾಗಿ ಮರಳುತ್ತಿತ್ತು. ಅದರಲ್ಲಿ ಏನಿತ್ತೆಂದು ಕೇಳಿದರೂ ಚೀಟಿಯಲ್ಲಿ ಬರೆದುಕೊಡಲಿಲ್ಲ.

ಕೊನೆಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕೀಲುರೋಗದ ತಜ್ಞರಿಗೆ ತೋರಿಸಿದೆವು. ಅವರು ಪ್ರತಿಯೊಂದು ಬೆರಳನ್ನೂ ಒತ್ತಿ ನೋಡಿ, ರಕ್ತಪರೀಕ್ಷೆ ಮಾಡಿಸಿ, ಇದು ರುಮಟಾಯ್ಡ್ ಸಂಧಿವಾತವೆಂದು ಹೇಳಿದ್ದಾರೆ. ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದಿದೆ, ಆ್ಯಂಟಿ-ಸಿಸಿಪಿ ತುಂಬಾ ಹೆಚ್ಚಿದೆ, ಉರಿಯೂತದ ಮಟ್ಟ ತೋರಿಸುವ ಇಎಸ್‌ಆರ್ 68ಕ್ಕೆ ಏರಿದೆ. ಮೆಥೊಟ್ರೆಕ್ಸೇಟ್ 10 ಮಿಲಿಗ್ರಾಂ ವಾರಕ್ಕೆ ಒಂದೇ ದಿನ, ಬೇರೆ ದಿನ ಫೋಲಿಕ್ ಆ್ಯಸಿಡ್, ಪ್ರತಿದಿನ ಹೈಡ್ರಾಕ್ಸಿಕ್ಲೋರೋಕ್ವಿನ್, ಮತ್ತು ಕೆಲವು ವಾರಗಳ ಮಟ್ಟಿಗೆ ಕಡಿಮೆ ಪ್ರಮಾಣದ ಸ್ಟಿರಾಯ್ಡ್ ಬರೆದಿದ್ದಾರೆ. ಮನೆಗೆ ಬಂದು ನಮ್ಮವರು ಫೋನಿನಲ್ಲಿ ಹುಡುಕಿದಾಗ ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಔಷಧಿಯೆಂದು ಕಂಡಿತು. ಅಂದಿನಿಂದ ಮಾತ್ರೆಯ ಪೊಟ್ಟಣ ದೇವರ ಗೂಡಿನ ಪಕ್ಕದಲ್ಲಿ ಹಾಗೆಯೇ ಉಳಿದಿದೆ. ಲಿವರ್ ಹೋಗುತ್ತದೆ, ಕೂದಲು ಉದುರುತ್ತದೆ, ಒಮ್ಮೆ ಹಿಡಿದರೆ ಸಾಯುವವರೆಗೂ ಬಿಡುವಂತಿಲ್ಲ ಎಂದು ಬಂದ ನೆಂಟರೆಲ್ಲ ಹೇಳುತ್ತಿದ್ದಾರೆ. ಅತ್ತೆಯವರು ಮಾತ್ರ ಏನೂ ಹೇಳದೆ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತುಬಿಡುತ್ತಾರೆ.

ಇದು ನಿಜವಾಗಿಯೂ ವಯಸ್ಸಿನ ಸವೆತವಲ್ಲವೇ, ಈ ಮಾತ್ರೆ ಇಲ್ಲದೆ ನಿಭಾಯಿಸಲು ಸಾಧ್ಯವೇ, ಮನೆಗೆಲಸದಲ್ಲಿ ಯಾವುದನ್ನು ಬಿಡಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ: ನಿವೃತ್ತ ವೈದ್ಯ, ಶಿವಮೊಗ್ಗ

ನಾನು ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯ ವೈದ್ಯನಾಗಿ ಕೆಲಸ ಮಾಡಿದವನು, ಕೀಲುರೋಗದ ವಿಶೇಷ ತಜ್ಞನಲ್ಲ. ರೋಗಿಯನ್ನು ಪರೀಕ್ಷಿಸಿದವರ ಮಾತಿಗೆ ಇರುವ ತೂಕ ನನ್ನ ಬರಹಕ್ಕಿಲ್ಲ ಎಂಬುದನ್ನು ಮೊದಲೇ ಹೇಳಿ, ನೀವು ಬರೆದ ಲಕ್ಷಣಗಳಿಂದ ತಿಳಿಯುವಷ್ಟನ್ನು ವಿವರಿಸುತ್ತೇನೆ.

ಗಂಟುನೋವುಗಳಲ್ಲಿ ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಆಸ್ಟಿಯೋಆರ್ಥ್ರೈಟಿಸ್, ಅಂದರೆ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿ ತೆಳುವಾಗಿ, ಅಂಚುಗಳಲ್ಲಿ ಮೂಳೆ ಬೆಳೆದು, ಕೀಲು ಒರಟಾಗುವ ಸ್ಥಿತಿ. ಅದು ಮೊಣಕಾಲು, ಸೊಂಟದ ಕೀಲು, ಹೆಬ್ಬೆರಳ ಬುಡ, ಬೆರಳುಗಳ ತುದಿಯ ಗಂಟು ಇವುಗಳನ್ನು ಹಿಡಿಯುತ್ತದೆ. ಕೆಲಸ ಮಾಡಿದಷ್ಟೂ ನೋವು ಹೆಚ್ಚುತ್ತದೆ, ಕುಳಿತರೆ ಇಳಿಯುತ್ತದೆ, ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಹೋಗುತ್ತದೆ. ನಿಮ್ಮ ಅತ್ತೆಯವರ ವಿಷಯದಲ್ಲಿ ಇದು ಯಾವುದೂ ಹೊಂದುವುದಿಲ್ಲ. ಎರಡೂ ಕೈಗಳಲ್ಲಿ ಒಂದೇ ರೀತಿಯ ಊತ, ಬೆರಳಿನ ತುದಿಯನ್ನು ಬಿಟ್ಟು ಬುಡದ ಗಂಟುಗಳಲ್ಲಿ ನೋವು, ಪಾದದ ಮುಂಭಾಗ, ಗಂಟೆಗಟ್ಟಲೆ ಬಿಡದ ಬಿಗಿತ: ಇವು ಒಟ್ಟಾಗಿ ಉರಿಯೂತದ ಸಂಧಿವಾತವನ್ನೇ ತೋರಿಸುತ್ತವೆ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು, ಮತ್ತು ಮೂವತ್ತರಿಂದ ಅರವತ್ತರ ನಡುವೆ ಆರಂಭವಾಗುವುದು ಸಾಮಾನ್ಯ.

ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯನ್ನು ಪರಕೀಯವೆಂಬಂತೆ ಎದುರಿಸುತ್ತದೆ. ಆ ಪೊರೆ ಊದಿ, ದಪ್ಪವಾಗಿ, ಬದುವಿನ ಮೇಲಿದ್ದ ಕಳೆ ಗದ್ದೆಯೊಳಕ್ಕೆ ಹಬ್ಬಿದಂತೆ ಮೃದ್ವಸ್ಥಿಯ ಮೇಲೆ ಹರಡಿ, ಮೂಳೆಯ ಅಂಚನ್ನು ಕೊರೆಯುತ್ತದೆ. ಹೀಗೆ ಕೊರೆದುಹೋದ ಮೂಳೆಯನ್ನು ಯಾವ ಔಷಧಿಯೂ ಮರಳಿ ಕೊಡಲಾರದು. ಈ ಹಾನಿ ಬಹಳ ಮಂದಿಯಲ್ಲಿ ಮೊದಲ ಒಂದೆರಡು ವರ್ಷಗಳಲ್ಲೇ ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುವುದರಿಂದ, ತಜ್ಞರು ಆರಂಭದ ತಿಂಗಳುಗಳನ್ನು ಅತ್ಯಂತ ಬೆಲೆಯುಳ್ಳ ಕಾಲವೆಂದು ಪರಿಗಣಿಸುತ್ತಾರೆ. ಪೊಟ್ಟಣ ದೇವರ ಗೂಡಿನ ಪಕ್ಕದಲ್ಲಿದೆ ಎಂದು ಓದಿದಾಗ ನನಗೆ ಆತಂಕವಾದುದು ಇದೇ ಕಾರಣಕ್ಕೆ.

ಪರೀಕ್ಷೆಗಳ ಬಗ್ಗೆ ಒಂದು ಮಾತು. ಆರ್‌ಎ ಫ್ಯಾಕ್ಟರ್ ಒಂದರಿಂದಲೇ ಏನನ್ನೂ ನಿರ್ಧರಿಸಲಾಗದು. ಆರೋಗ್ಯವಂತ ಹಿರಿಯರಲ್ಲಿಯೂ, ಕ್ಷಯ ಅಥವಾ ಹೆಪಟೈಟಿಸ್ ಸಿ ಇರುವವರಲ್ಲಿಯೂ ಅದು ಪಾಸಿಟಿವ್ ಬರಬಹುದು, ಕಾಯಿಲೆ ನಿಜವಾಗಿ ಇರುವ ಕೆಲವರಲ್ಲಿ ನೆಗೆಟಿವ್ ಆಗಿಯೂ ಇರಬಹುದು. ಆ್ಯಂಟಿ-ಸಿಸಿಪಿ ಹಾಗಲ್ಲ, ಅದು ಹೆಚ್ಚಿದ್ದು, ಊದಿದ ಗಂಟುಗಳೂ ಜೊತೆಗಿದ್ದರೆ ಅನುಮಾನಕ್ಕೆ ಬಹಳ ಕಡಿಮೆ ಎಡೆಯಿರುತ್ತದೆ, ಮತ್ತು ಅಂಥವರಲ್ಲಿ ಕಾಯಿಲೆ ಮೂಳೆಯನ್ನು ಕೊರೆಯುವ ಸಾಧ್ಯತೆಯೂ ಹೆಚ್ಚು. ಚಿಕುನ್‌ಗುನ್ಯಾದ ನೋವನ್ನು ನಮ್ಮ ರಾಜ್ಯ 2006ರಲ್ಲಿ ಚೆನ್ನಾಗಿಯೇ ಕಂಡಿದೆ. ಅದರಲ್ಲಿ ಜ್ವರ ಮೊದಲು ಬಂದು ಗಂಟುಗಳು ಬಳಿಕ ಹಿಡಿಯುತ್ತವೆ. ಕೆಲವರಿಗೆ ತಿಂಗಳುಗಟ್ಟಲೆ, ಅಪರೂಪಕ್ಕೆ ವರ್ಷಗಟ್ಟಲೆ ಇದ್ದರೂ ಬಹುಪಾಲು ಜನರಲ್ಲಿ ಕ್ರಮೇಣ ಇಳಿಯುತ್ತದೆ. ಜ್ವರವೇ ಇಲ್ಲದೆ, ಆ್ಯಂಟಿ-ಸಿಸಿಪಿ ಇಷ್ಟು ಏರಿರುವಾಗ ಚಿಕುನ್‌ಗುನ್ಯಾ ಎಂದು ಕಾಯುತ್ತ ಕೂರಲು ಆಧಾರವಿಲ್ಲ.

ಇನ್ನು ನಿಮ್ಮನ್ನು ಹೆದರಿಸಿದ ಔಷಧಿ. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲದ ಮೇಲೆ ನಡೆಸಿದ ಕೆಲಸದಿಂದ ಈ ಜಾತಿಯ ಔಷಧಿಗಳು ಹೊರಬಂದವು. ಮೊದಲು ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಕೆಯಾದವು. ಅದೇ ವಂಶದ ಮೆಥೊಟ್ರೆಕ್ಸೇಟ್ ಅತಿ ಕಡಿಮೆ ಪ್ರಮಾಣದಲ್ಲಿ ಕೀಲಿನ ಉರಿಯೂತವನ್ನು ತಗ್ಗಿಸುತ್ತದೆ ಎಂಬುದು ದೃಢಪಟ್ಟ ಮೇಲೆ 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಸಂಧಿವಾತಕ್ಕೆ ಅನುಮೋದಿಸಿತು. ಕೆಲವು ಕ್ಯಾನ್ಸರುಗಳಿಗೆ ಒಮ್ಮೆಗೇ ಸಾವಿರಾರು ಮಿಲಿಗ್ರಾಂ ಕೊಡುವುದುಂಟು. ಸಂಧಿವಾತಕ್ಕೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ. ಹೆಸರು ಒಂದೇ ಆದರೂ ಈ ಎರಡು ಚಿಕಿತ್ಸೆಗಳು ಬೇರೆ ಬೇರೆ. ಇಂದು ಜಗತ್ತಿನಾದ್ಯಂತ ಈ ಕಾಯಿಲೆಗೆ ಮೊದಲು ಆರಿಸುವ ಔಷಧಿ ಇದೇ.

ಹಾಗೆಂದು ಅದು ಎಚ್ಚರಿಕೆ ಬೇಡದ ಮಾತ್ರೆಯಲ್ಲ. ಕೆಲವರಿಗೆ ಮಾತ್ರೆ ತೆಗೆದುಕೊಂಡ ಮರುದಿನ ಹೊಟ್ಟೆ ತೊಳಸುವುದು, ಆಯಾಸ, ಬಾಯಿಹುಣ್ಣು, ಸ್ವಲ್ಪ ಕೂದಲು ಉದುರುವುದು ಉಂಟು. ಫೋಲಿಕ್ ಆ್ಯಸಿಡ್ ಕೊಡುವುದು ಇವುಗಳನ್ನು ತಗ್ಗಿಸುವುದಕ್ಕಾಗಿಯೇ. ಲಿವರ್ ಮತ್ತು ರಕ್ತಕಣಗಳ ಮೇಲಿನ ಪರಿಣಾಮವನ್ನು ಆರಂಭದಲ್ಲಿಯೇ ಹಿಡಿಯಲು ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು-ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಲೇಬೇಕು. ಈ ಪರೀಕ್ಷೆ ಶಿರಸಿಯಲ್ಲಿಯೇ ಆಗುತ್ತದೆ, ಪ್ರತಿ ಬಾರಿಯೂ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಒಣಕೆಮ್ಮು, ಉಸಿರಾಟದ ತೊಂದರೆ, ಜ್ವರ ಒಟ್ಟಿಗೆ ಬಂದರೆ ಆ ವಾರದ ಮಾತ್ರೆಯನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.

ಮಾತ್ರೆ ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ನೋವನ್ನು ಹಿಡಿದಿಡಲೆಂದೇ ಕೆಲವು ವಾರಗಳ ಸ್ಟಿರಾಯ್ಡ್ ಬರೆದಿದ್ದಾರೆ. ಆದ್ದರಿಂದ ಎರಡನೆಯ ವಾರದಲ್ಲಿ ಗುಣ ಕಾಣಲಿಲ್ಲವೆಂದು ಕೈಬಿಡಬೇಡಿ. ಕ್ಲಿನಿಕ್ಕಿನ ಇಂಜೆಕ್ಷನ್‌ನಲ್ಲಿಯೂ ಸ್ಟಿರಾಯ್ಡ್ ಇದ್ದಿರುವ ಸಾಧ್ಯತೆ ಹೆಚ್ಚು. ಲೆಕ್ಕವಿಲ್ಲದೆ ತೆಗೆದುಕೊಂಡ ಸ್ಟಿರಾಯ್ಡ್ ಮೂಳೆಯನ್ನು ಟೊಳ್ಳು ಮಾಡುತ್ತದೆ, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ಕಣ್ಣಿನಲ್ಲಿ ಪೊರೆ ತರುತ್ತದೆ. ಬಹಳ ಕಾಲ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೂ ಅಪಾಯ. ಎಷ್ಟು ಕಾಲ ಆ ಇಂಜೆಕ್ಷನ್ ತೆಗೆದುಕೊಂಡರು ಎಂಬುದನ್ನು ತಜ್ಞರಿಗೆ ತಪ್ಪದೆ ತಿಳಿಸಿರಿ.

ಜೀವನಪರ್ಯಂತವೇ ಎಂಬ ಪ್ರಶ್ನೆಗೆ: ಕಾಯಿಲೆ ಸಂಪೂರ್ಣ ಹತೋಟಿಗೆ ಬಂದು ಹಾಗೆಯೇ ಉಳಿದರೆ ತಜ್ಞರು ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾರೆ. ಬಹಳ ಮಂದಿಗೆ ಯಾವುದಾದರೂ ಒಂದು ಔಷಧಿ ದೀರ್ಘಕಾಲ ಬೇಕಾಗುತ್ತದೆ ಎಂಬುದು ನಿಜ. ಆದರೆ ಹೋಲಿಸಬೇಕಾದುದು ಔಷಧಿಯ ಅಪಾಯವನ್ನು ಔಷಧಿಯಿಲ್ಲದ ಕಾಯಿಲೆಯ ಅಪಾಯದೊಂದಿಗೆ. ಹತೋಟಿಯಿಲ್ಲದ ಉರಿಯೂತವು ಬೆರಳುಗಳನ್ನು ಸೊಟ್ಟಗೊಳಿಸುವುದಷ್ಟೇ ಅಲ್ಲ, ಹೃದಯದ ರಕ್ತನಾಳಗಳಿಗೂ ಶ್ವಾಸಕೋಶಕ್ಕೂ ಕೇಡು ಮಾಡುತ್ತದೆ.


ಉತ್ತರ: ಔಷಧಿ ಅಂಗಡಿ, ಹಾಸನ

ಡಾಕ್ಟರರು ಹೇಳಿದ್ದಕ್ಕೆ ಔಷಧಿ ಕೊಡುವವನ ದೃಷ್ಟಿಯಿಂದ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಈ ಮಾತ್ರೆಯಿಂದಾಗುವ ದೊಡ್ಡ ಅನಾಹುತಗಳು ಬಹುಮಟ್ಟಿಗೆ ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದುದನ್ನು ದಿನವೂ ತೆಗೆದುಕೊಂಡಾಗ ಸಂಭವಿಸುತ್ತವೆ. ಮನೆಯಲ್ಲಿ ಉಳಿದೆಲ್ಲ ಮಾತ್ರೆಗಳೂ ದಿನದ ಮಾತ್ರೆಗಳೇ ಆಗಿರುವುದರಿಂದ ಕೈ ತಾನಾಗಿ ಅದಕ್ಕೂ ಹೋಗುತ್ತದೆ. ಅಲ್ಲದೆ ಕೆಲವು ಮೆಥೊಟ್ರೆಕ್ಸೇಟ್ ಬ್ರ್ಯಾಂಡ್‌ಗಳ ಹೆಸರು ಫೋಲಿಕ್ ಆ್ಯಸಿಡ್‌ನ ಹೆಸರಿನ ಹಾಗೆಯೇ ‘ಫೋಲಿ’ ಎಂದು ಆರಂಭವಾಗುತ್ತದೆ. ಎರಡೂ ಹಳದಿ ಬಣ್ಣದ ಸಣ್ಣ ಮಾತ್ರೆಗಳಾಗಿರುವುದೂ ಉಂಟು. ಆದ್ದರಿಂದ ವಾರದಲ್ಲಿ ಒಂದು ದಿನವನ್ನು ಗೊತ್ತು ಮಾಡಿ, ಉದಾಹರಣೆಗೆ ಭಾನುವಾರ ರಾತ್ರಿ ಊಟದ ನಂತರ ಎಂದು, ಅದನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು, ಉಳಿದ ಮಾತ್ರೆಗಳಿಂದ ಬೇರೆಯಾದ ಡಬ್ಬಿಯಲ್ಲಿಡಿ. ಕೊಡುವ ಹೊಣೆಯನ್ನು ಮನೆಯಲ್ಲಿ ಒಬ್ಬರೇ ವಹಿಸಿಕೊಳ್ಳಿ, ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ವಾರ ಮರೆತುಹೋದರೆ ಮುಂದಿನ ವಾರ ಎರಡು ಪಟ್ಟು ಕೊಡಬಾರದು.

ಈ ಮಾತ್ರೆ 2.5, 5, 7.5, 10, 15 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಪ್ರತಿ ಬಾರಿ ಖರೀದಿಸುವಾಗಲೂ ಬ್ರ್ಯಾಂಡಿನ ಹೆಸರಿನ ಬದಲು ಮಿಲಿಗ್ರಾಂ ಅಂಕಿಯನ್ನು ನೋಡಿ. ಮೂತ್ರದ ಸೋಂಕಿಗೋ ಕೆಮ್ಮಿಗೋ ಯಾರಾದರೂ ಕೋ-ಟ್ರೈಮಾಕ್ಸಜೋಲ್ ಎಂಬ ಸಲ್ಫಾ ಆ್ಯಂಟಿಬಯಾಟಿಕ್ ಬರೆದರೆ ಮೆಥೊಟ್ರೆಕ್ಸೇಟ್ ನಡೆಯುತ್ತಿದೆಯೆಂದು ಹೇಳಲೇಬೇಕು; ಇವೆರಡೂ ಸೇರಿದರೆ ಮೂಳೆಮಜ್ಜೆ ರಕ್ತಕಣಗಳನ್ನು ತಯಾರಿಸುವುದನ್ನೇ ನಿಲ್ಲಿಸಬಹುದು. ಬಾಯಿತುಂಬ ಹುಣ್ಣು, ಜ್ವರ, ಒಸಡಿನಲ್ಲಿ ಅಥವಾ ಚರ್ಮದಡಿ ರಕ್ತ ಕಾಣಿಸಿದರೆ, ಅಥವಾ ಕೈತಪ್ಪಿ ಹೆಚ್ಚು ಮಾತ್ರೆ ನುಂಗಿದ್ದು ತಿಳಿದರೆ, ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಿ. ಇದಕ್ಕೆ ಫೋಲಿನಿಕ್ ಆ್ಯಸಿಡ್ ಎಂಬ ಪ್ರತ್ಯೌಷಧವಿದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.


ಉತ್ತರ: ಶಿಕ್ಷಕಿ, ಧಾರವಾಡ

ತಂಗಿ, ನಿಮ್ಮ ಅತ್ತೆಯವರ ಕಾಯಿಲೆಯೇ ನನಗೂ ಇದೆ, ಈ ಮಾತ್ರೆಯನ್ನೇ ನಾನು ಬಹಳ ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೇನೆ, ಶಾಲೆಗೂ ಹೋಗುತ್ತಿದ್ದೇನೆ. ಔಷಧಿಯ ಮಾತನ್ನು ಡಾಕ್ಟರರು ಹೇಳಿದ್ದಾರೆ. ಮನೆಯೊಳಗಿನ ಮಾತನ್ನು ನಾನು ಹೇಳುತ್ತೇನೆ, ಅದನ್ನು ಆಸ್ಪತ್ರೆಯಲ್ಲಿ ಕೂತು ವಿವರಿಸಲು ಯಾರಿಗೂ ಸಮಯವಿರುವುದಿಲ್ಲ.

ಮೊದಲು ಅವರ ಕೈಯಲ್ಲಿರುವ ಉಂಗುರ, ಬಿಗಿಯಾದ ಬಳೆಗಳನ್ನು ಊತ ಕಡಿಮೆಯಿರುವ ಸಂಜೆಯ ಹೊತ್ತಿನಲ್ಲಿ ಸೋಪಿನ ನೀರು ಹಚ್ಚಿ ತೆಗೆಸಿಬಿಡಿ. ನೋವು ಜೋರಾದ ದಿನ ಊದಿದ ಬೆರಳಿನಿಂದ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಬರಿಗೈ ಆಗಬಾರದೆಂಬ ಭಾವನೆ ಅವರಿಗಿದ್ದರೆ ಒಂದು ಅಳತೆ ದೊಡ್ಡ ಬಳೆ ತಂದುಕೊಡಿ.

ಬೆರಳುಗಳಿಗೆ ಅತಿ ಹೆಚ್ಚು ಕೇಡು ಮಾಡುವುದು ಹಿಂಡುವುದು, ತಿರುಚುವುದು, ತುದಿಬೆರಳಲ್ಲಿ ಹಿಡಿದೆತ್ತುವುದು. ಬಟ್ಟೆ ಹಿಂಡುವುದನ್ನು ಸಂಪೂರ್ಣ ಬಿಡಿಸಿ, ನೀರು ಸೋರುವಂತೆಯೇ ತಂತಿಯ ಮೇಲೆ ಹಾಕಲಿ. ತುಂಬಿದ ಪಾತ್ರೆಯನ್ನು ಕಿವಿ ಹಿಡಿದು ಬೆರಳಲ್ಲಿ ಎತ್ತದೆ ಅಡಿಗೆ ಎರಡೂ ಅಂಗೈ ಕೊಟ್ಟು ಎತ್ತಲಿ. ಬಕೆಟ್ ಅರ್ಧ ತುಂಬಲಿ. ಚೀಲವನ್ನು ಬೆರಳಿಗೆ ಸಿಕ್ಕಿಸಿಕೊಳ್ಳದೆ ಮೊಣಕೈಗೆ ಹಾಕಿಕೊಳ್ಳಲಿ. ಸಟ್ಟುಗ, ಚಾಕು, ಪೆನ್ನುಗಳ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಮುಷ್ಟಿಯನ್ನು ಬಿಗಿಯಾಗಿ ಕಟ್ಟಬೇಕಾಗುವುದಿಲ್ಲ. ನಮ್ಮ ಕಡೆ ಜೋಳದ ರೊಟ್ಟಿ ತಟ್ಟುವುದೇ ದೊಡ್ಡ ಪರೀಕ್ಷೆ. ಊತವಿರುವ ದಿನಗಳಲ್ಲಿ ಮನೆಯಲ್ಲಿ ಬೇರೆಯವರು ತಟ್ಟುತ್ತಾರೆ, ಇಲ್ಲದಿದ್ದರೆ ಅನ್ನವಾಗುತ್ತದೆ. ನಿಮ್ಮಲ್ಲಿ ಅಡಿಕೆ ಸುಲಿಯುವುದೂ ತೆಂಗಿನಕಾಯಿ ತುರಿಯುವುದೂ ಅದಕ್ಕಿಂತ ಕಠಿಣ. ಕಾಯಿಲೆ ಹತೋಟಿಗೆ ಬರುವ ತನಕ ಅವೆರಡನ್ನೂ ಅವರ ಕೈಯಿಂದ ತೆಗೆದುಕೊಳ್ಳಿ. ಅಡಿಕೆ ಸುಲಿಯುವ ಯಂತ್ರ ನಿಮ್ಮ ಸೊಸೈಟಿಯಲ್ಲೋ ನೆರೆಮನೆಯಲ್ಲೋ ಬಾಡಿಗೆಗೆ ಸಿಗಬಹುದು, ವಿಚಾರಿಸಿ.

ಎಲ್ಲ ಕೆಲಸವನ್ನೂ ಬಿಡಿಸಿ ಮಂಚದ ಮೇಲೆ ಕೂರಿಸುವುದೂ ಸರಿಯಲ್ಲ. ಅಲುಗಾಡದ ಕೀಲು ಹಾಗೆಯೇ ಗಟ್ಟಿಯಾಗುತ್ತದೆ, ಸ್ನಾಯು ಸೊರಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸುವುದರಿಂದ ನನ್ನ ದಿನ ಆರಂಭವಾಗುತ್ತದೆ. ಊತ, ಬಿಸಿ, ಕೆಂಪು ಇರುವ ದಿನ ಆ ಕೀಲಿಗೆ ವಿಶ್ರಾಂತಿ ಕೊಟ್ಟು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡುತ್ತೇನೆ. ಭಾರದ ಕೆಲಸಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು, ಒಂದು ಕೆಲಸ ಮುಗಿದ ಮೇಲೆ ಸ್ವಲ್ಪ ಕೂತು ಇನ್ನೊಂದಕ್ಕೆ ಹೋಗುವುದು, ಪಾದ ನೋಯುವವರು ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳುವುದು, ಇವೆಲ್ಲ ಚಿಕಿತ್ಸೆಯ ಭಾಗವೇ.

ಈ ಕಾಯಿಲೆಯಲ್ಲಿ ನೋವಿಗಿಂತ ಆಯಾಸವೇ ಹೆಚ್ಚು ಕಾಡುತ್ತದೆ. ರಕ್ತಹೀನತೆಯೂ ಜೊತೆಗಿರಬಹುದು. ಅದು ಹೊರಗಿನವರಿಗೆ ಕಾಣುವುದಿಲ್ಲ, ಆದ್ದರಿಂದ ಸೋಮಾರಿತನವೆಂದು ಭಾವಿಸುತ್ತಾರೆ. ಹೇಳಿಕೊಳ್ಳಲಾರದ ಹಿರಿಯ ಹೆಂಗಸರು ನಿಮ್ಮ ಅತ್ತೆಯವರ ಹಾಗೆ ಸುಮ್ಮನೆ ಮೆಟ್ಟುಗತ್ತಿಯ ಮುಂದೆ ಕುಳಿತುಬಿಡುತ್ತಾರೆ. ಸೊಸೆಯಾಗಿ ನೀವೇ ಇಷ್ಟು ವಿಚಾರಿಸುತ್ತಿದ್ದೀರಿ. ನಿಮ್ಮ ಯಜಮಾನರೂ ಮಾವನವರೂ ಒಮ್ಮೆ ಅವರೊಂದಿಗೆ ತಜ್ಞರ ಬಳಿಗೆ ಬರಲಿ, ಡಾಕ್ಟರರ ಬಾಯಿಂದಲೇ ಕೇಳಲಿ.


ಉತ್ತರ: ಕರಾವಳಿಯ ಓದುಗ

ನಮ್ಮ ತಾಯಿಯವರಿಗೆ ಆಯುರ್ವೇದ ಆಸ್ಪತ್ರೆಯಲ್ಲಿ ಬಿಸಿ ಶಾಖ ಮತ್ತು ಎಣ್ಣೆಯ ಚಿಕಿತ್ಸೆಯಿಂದ ಬಹಳ ನೆಮ್ಮದಿ ಸಿಕ್ಕಿತು. ಆಯುರ್ವೇದದಲ್ಲಿ ಇಂಥ ಗಂಟುನೋವನ್ನು ಕರೆಯುವ ಆಮವಾತದ ವಿವರಣೆ ಮಾಧವನಿದಾನದಂಥ ಹಳೆಯ ಗ್ರಂಥದಲ್ಲಿಯೇ ಇರುವಾಗ ನೇರವಾಗಿ ಇಷ್ಟು ತೀಕ್ಷ್ಣವಾದ ಔಷಧಿಗೆ ಹೋಗುವ ಅಗತ್ಯವಿದೆಯೇ ಎಂಬುದು ನನ್ನ ಸಂದೇಹ. ಬದನೆ, ಆಲೂಗಡ್ಡೆ, ಹುಳಿ, ರಾತ್ರಿಯ ಮೊಸರು ಇವುಗಳನ್ನು ಬಿಡಿಸಿ, ಮನೆಯ ಹಿತ್ತಿಲಿನ ಅಮೃತಬಳ್ಳಿಯ ಕಷಾಯವನ್ನಾದರೂ ಜೊತೆಗೆ ಕೊಡಬಹುದಲ್ಲವೇ?


ಉತ್ತರ: ನಿವೃತ್ತ ವೈದ್ಯ, ಶಿವಮೊಗ್ಗ

ನಿಮ್ಮ ತಾಯಿಯವರಿಗೆ ನೆಮ್ಮದಿ ಸಿಕ್ಕಿದ್ದು ಸಂತೋಷದ ವಿಷಯ, ಮತ್ತು ಹದವಾದ ಶಾಖದಿಂದ ಬಿಗಿತ ಸಡಿಲವಾಗುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೋವು ಇಳಿಯುವುದು ಬೇರೆ, ಮೂಳೆ ಕೊರೆಯುವುದು ನಿಲ್ಲುವುದು ಬೇರೆ. ಮೂಳೆ ಕೊರೆಯುವುದನ್ನು ತಡೆಯುತ್ತವೆಂದು ಎಕ್ಸ್‌ರೇಗಳನ್ನು ಹೋಲಿಸಿ ದೃಢಪಟ್ಟಿರುವ ಔಷಧಿಗಳನ್ನು ಬದಿಗಿಟ್ಟು ಕಾಯುವುದು ಆ್ಯಂಟಿ-ಸಿಸಿಪಿ ಇಷ್ಟು ಹೆಚ್ಚಿರುವ ರೋಗಿಯ ವಿಷಯದಲ್ಲಿ ಸರಿಯೆಂದು ನನಗೆ ತೋರುವುದಿಲ್ಲ. ಊದಿ ಬಿಸಿಯಾದ ಗಂಟನ್ನು ಬಲವಾಗಿ ತಿಕ್ಕಿಸುವುದಂತೂ ಬೇಡ.

ಅಮೃತಬಳ್ಳಿಯ ವಿಷಯದಲ್ಲಿ ನಾನು ಸ್ಪಷ್ಟವಾಗಿ ಬೇಡವೆನ್ನುತ್ತೇನೆ. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರಲ್ಲಿ ಲಿವರಿನ ಉರಿಯೂತ ಕಾಣಿಸಿಕೊಂಡುದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದ್ದಾರೆ, ಮತ್ತು ಅವರಲ್ಲಿ ರಕ್ಷಣಾ ವ್ಯವಸ್ಥೆಯ ಕಾಯಿಲೆಗಳ ಹಿನ್ನೆಲೆಯುಳ್ಳವರೂ ಇದ್ದರು. ಲಿವರನ್ನು ಪರೀಕ್ಷಿಸುತ್ತ ಕೊಡಬೇಕಾದ ಮಾತ್ರೆಯೊಂದಿಗೆ ಅದನ್ನು ಸೇರಿಸಿದರೆ, ನಾಳೆ ಲಿವರಿನ ಅಂಕಿ ಏರಿದಾಗ ಕಾರಣ ಯಾವುದೆಂದು ತಿಳಿಯಲೂ ಆಗುವುದಿಲ್ಲ. ಅದಕ್ಕಿಂತ ಅಪಾಯಕಾರಿ ಎಂದರೆ ಹೆಸರು, ವಿಳಾಸ, ಘಟಕಗಳ ಪಟ್ಟಿ ಯಾವುದೂ ಇಲ್ಲದ ಪುಡಿಗಳು. ಅವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದೂ, ಸೀಸ ಪಾದರಸಗಳಂಥ ಲೋಹಗಳು ಇರುವುದೂ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಯಾವ ಪದ್ಧತಿಯ ಚಿಕಿತ್ಸೆಯನ್ನೇ ಪಡೆದರೂ ಪದವಿ ಪಡೆದ ವೈದ್ಯರಲ್ಲಿ ಪಡೆಯಿರಿ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ತೋರಿಸಿರಿ.

ಬದನೆ, ಆಲೂಗಡ್ಡೆ, ಮೊಸರುಗಳಿಂದ ಈ ಕಾಯಿಲೆ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಯಾವುದಾದರೂ ಒಂದು ಪದಾರ್ಥ ತಮಗೆ ಆಗದೆಂದು ಅವರಿಗೇ ಅನುಭವವಿದ್ದರೆ ಅದನ್ನು ಬಿಡಲಿ, ಆದರೆ ಸ್ಟಿರಾಯ್ಡ್ ನಡೆಯುತ್ತಿರುವಾಗ ಮೂಳೆಗೆ ಸುಣ್ಣದ ಅಂಶ ಬೇಕಿರುವ ಹೆಂಗಸಿಗೆ ಹಾಲು ಮೊಸರನ್ನು ಬಿಡಿಸುವುದು ನಷ್ಟವೇ. ಈ ಕಾಯಿಲೆಯನ್ನು ಖಚಿತವಾಗಿ ಉಲ್ಬಣಿಸುವುದು ಧೂಮಪಾನ. ಮನೆಯೊಳಗೆ ಯಾರಾದರೂ ಬೀಡಿ ಸೇದುತ್ತಿದ್ದರೆ ಇನ್ನು ಮುಂದೆ ಒಳಗೆ ಸೇದದಿರಲಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಆರಂಭಿಸುವವರು ಕಣ್ಣಿನ ಪರೀಕ್ಷೆಯನ್ನು ಒಮ್ಮೆ ಮಾಡಿಸಿಕೊಂಡು, ಐದು ವರ್ಷದ ನಂತರ ಪ್ರತಿವರ್ಷ ಮಾಡಿಸಬೇಕೆಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ.


ಕಾನುಮನೆ, ಶಿರಸಿ ತಾಲ್ಲೂಕು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿಮ್ಮೆಲ್ಲರ ಉತ್ತರಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಭಾನುವಾರ ರಾತ್ರಿಯಿಂದ ಮಾತ್ರೆ ಆರಂಭಿಸುವುದೆಂದು ತೀರ್ಮಾನವಾಗಿದೆ, ಕೊಡುವ ಹೊಣೆಯನ್ನು ನಾನೇ ವಹಿಸಿಕೊಂಡಿದ್ದೇನೆ. ಇದನ್ನೆಲ್ಲ ಕೇಳುತ್ತಿದ್ದ ಮಾವನವರು ತಮ್ಮ ಎರಡೂ ಮೊಣಕಾಲುಗಳ ನೋವಿಗೂ ಇದೇ ಮಾತ್ರೆ ಆಗಬಹುದೇ ಎಂದು ಕೇಳುತ್ತಿದ್ದಾರೆ. ಅವರಿಗೆ 67 ವರ್ಷ, ತೂಕ ಸ್ವಲ್ಪ ಹೆಚ್ಚಿದೆ. ಅಟ್ಟದ ಮೆಟ್ಟಿಲು ಇಳಿಯುವಾಗಲೂ ಪೂಜೆಗೆ ಚಕ್ಕಂಬಕ್ಕಳ ಹಾಕಿ ಕೂತು ಏಳುವಾಗಲೂ ನೋವು. ಬೆಳಿಗ್ಗೆ ಹತ್ತು ನಿಮಿಷ ನಡೆದರೆ ಸರಿಹೋಗುತ್ತದೆ. ಎಕ್ಸ್‌ರೇ ನೋಡಿದವರು ಸವೆದುಹೋಗಿದೆ, ಆಪರೇಷನ್ ಮಾಡಿಸಿ ಎಂದಿದ್ದಾರೆ.


ಉತ್ತರ: ಫಿಸಿಯೊಥೆರಪಿಸ್ಟ್, ಮೈಸೂರು

ಮಾವನವರ ಲಕ್ಷಣಗಳು ಡಾಕ್ಟರರು ಮೊದಲು ವಿವರಿಸಿದ ಸವೆತದ ಸಂಧಿವಾತದವು. ಅದಕ್ಕೆ ಮೆಥೊಟ್ರೆಕ್ಸೇಟ್ ಔಷಧಿಯಲ್ಲ, ಅತ್ತೆಯವರ ಡಬ್ಬಿಯಿಂದ ಒಂದು ಮಾತ್ರೆಯನ್ನೂ ಅವರು ತೆಗೆದುಕೊಳ್ಳಬಾರದು.

ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ರೋಗಿ ಅನುಭವಿಸುವ ನೋವಿಗೂ ನೇರ ಹೊಂದಾಣಿಕೆ ಇರುವುದಿಲ್ಲ. ತುಂಬ ಸವೆದ ಮೊಣಕಾಲಿನಲ್ಲಿ ಗುಡ್ಡ ಹತ್ತುವವರೂ ಇದ್ದಾರೆ. ಆದ್ದರಿಂದ ಚಿತ್ರವೊಂದನ್ನೇ ನೋಡಿ ಆಪರೇಷನ್ ನಿರ್ಧರಿಸಬೇಕಾಗಿಲ್ಲ. ರಾತ್ರಿ ನಿದ್ದೆ ಕೆಡಿಸುವಷ್ಟು ನೋವು, ಮನೆಯ ಸುತ್ತ ನಡೆಯಲೂ ಆಗದ ಸ್ಥಿತಿ, ವ್ಯಾಯಾಮವನ್ನೂ ತೂಕ ಇಳಿಸುವುದನ್ನೂ ಪ್ರಾಮಾಣಿಕವಾಗಿ ಮಾಡಿ ನೋಡಿದರೂ ಗುಣವಿಲ್ಲ ಎಂದಾದಾಗ ಕೀಲು ಬದಲಾವಣೆ ನಿಜಕ್ಕೂ ಒಳ್ಳೆಯ ಚಿಕಿತ್ಸೆ. ಹತ್ತರಲ್ಲಿ ಸುಮಾರು ಎಂಟು ಕೃತಕ ಮೊಣಕಾಲುಗಳು 25 ವರ್ಷ ಬಾಳುತ್ತವೆ, ಮತ್ತು ಅವುಗಳ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿಯೇ ಮಿತಿ ಹಾಕಿದೆ. ಮಾವನವರು ಆ ಹಂತಕ್ಕೆ ಬಂದಂತೆ ನಿಮ್ಮ ಬರಹದಿಂದ ತೋರುವುದಿಲ್ಲ.

ಅವರಿಗೆ ಈಗ ಬೇಕಾದುದು ತೊಡೆಯ ಮುಂಭಾಗದ ಸ್ನಾಯುವಿನ ಬಲ. ಕುರ್ಚಿಯಲ್ಲಿ ಬೆನ್ನು ನೇರವಾಗಿಟ್ಟು ಕುಳಿತು ಒಂದು ಕಾಲನ್ನು ಮುಂದಕ್ಕೆ ನೇರವಾಗಿ ಚಾಚಿ, ಪಾದವನ್ನು ತನ್ನ ಕಡೆಗೆ ಎಳೆದುಕೊಂಡು, ಐದು ಎಣಿಸುವವರೆಗೆ ಹಿಡಿದು ಮೆಲ್ಲಗೆ ಇಳಿಸಲಿ. ಪ್ರತಿ ಕಾಲಿಗೆ ಹತ್ತು ಬಾರಿ, ಬೆಳಿಗ್ಗೆ ಸಂಜೆ. ಬಳಿಕ ಮಲಗಿಕೊಂಡು, ಒಂದು ಮೊಣಕಾಲನ್ನು ಮಡಚಿಟ್ಟು, ಇನ್ನೊಂದು ಕಾಲನ್ನು ಮಡಚದೆ ಒಂದು ಗೇಣು ಎತ್ತರಕ್ಕೆ ಎತ್ತಿ ಹಿಡಿಯಲಿ. ಇವು ಸುಲಭವಾದ ಮೇಲೆ ಕೈ ಊರದೆ ಎತ್ತರದ ಕುರ್ಚಿಯಿಂದ ಎದ್ದು ಕೂರುವುದನ್ನು ಸೇರಿಸಬಹುದು. ಮಾಡುವಾಗ ತುಸು ನೋವಾದರೆ ಚಿಂತೆಯಿಲ್ಲ. ಮರುದಿನವೂ ನೋವು ಹೆಚ್ಚಾಗಿಯೇ ಉಳಿದರೆ ಸಂಖ್ಯೆ ಇಳಿಸಬೇಕು. ಫಲ ಕಾಣಲು ಆರೆಂಟು ವಾರ ಬೇಕು, ಹೆಚ್ಚಿನವರು ಅದಕ್ಕೆ ಮೊದಲೇ ಬಿಟ್ಟುಬಿಡುವುದೇ ನನಗೆ ದೊಡ್ಡ ಬೇಸರದ ಸಂಗತಿ.

ತೂಕದ ವಿಷಯದಲ್ಲಿ ಒಂದು ಲೆಕ್ಕ ನೆನಪಿಡಿ: ದೇಹದ ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಪೂಜೆಗೆ ನೆಲದ ಮಣೆಯ ಬದಲು ಎತ್ತರದ ಪೀಠ, ಶೌಚಕ್ಕೆ ಕಮೋಡ್, ತೋಟಕ್ಕೆ ಹೋಗುವಾಗ ಹೆಚ್ಚು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಊರುಗೋಲು ಇರಲಿ. ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ನೋವು ನಿವಾರಕ ಮಾತ್ರೆಗಳನ್ನು ಅಂಗಡಿಯಿಂದ ತಂದು ದಿನವೂ ನುಂಗುವುದು ಈ ವಯಸ್ಸಿನಲ್ಲಿ ಮೂತ್ರಪಿಂಡಕ್ಕೂ ಹೊಟ್ಟೆಗೂ ಅಪಾಯ, ರಕ್ತದೊತ್ತಡವಿದ್ದರೆ ಇನ್ನೂ ಹೆಚ್ಚು. ಹಚ್ಚುವ ಡೈಕ್ಲೊಫೆನಾಕ್ ಜೆಲ್‌ನಿಂದ ಮೊಣಕಾಲಿಗೆ ಸಾಕಷ್ಟು ಉಪಶಮನ ಸಿಗುತ್ತದೆ, ರಕ್ತಕ್ಕೆ ಸೇರುವುದೂ ಬಹಳ ಕಡಿಮೆ. ಗ್ಲುಕೋಸಮೈನ್ ಮಾತ್ರೆಗೆ ತಿಂಗಳು ತಿಂಗಳೂ ಹಣ ಸುರಿಯುವ ಬದಲು ಆ ಹಣದಲ್ಲಿ ಒಂದು ಒಳ್ಳೆಯ ಜೋಡಿ ಮೆತ್ತನೆಯ ಶೂ ತೆಗೆದುಕೊಡಿ ಎಂದು ನಾನು ನನ್ನ ರೋಗಿಗಳಿಗೆ ಹೇಳುತ್ತೇನೆ.

ಅತ್ತೆ ಮಾವ ಇಬ್ಬರಿಗೂ ಅನ್ವಯಿಸುವ ಒಂದು ಎಚ್ಚರಿಕೆಯಿದೆ. ಯಾವುದೇ ಒಂದು ಗಂಟು ಒಂದೆರಡು ದಿನದೊಳಗೆ ಕೆಂಪಾಗಿ, ಬಿಸಿಯಾಗಿ, ಅಲುಗಾಡಿಸಲಾರದಷ್ಟು ಊದಿ, ಜೊತೆಗೆ ಜ್ವರವೂ ಬಂದರೆ ಅದು ಹಳೆಯ ನೋವೇ ಹೆಚ್ಚಾಗಿದೆಯೆಂದು ಬಿಡಬಾರದು. ಕೀಲಿನೊಳಗೆ ಸೋಂಕು ಸೇರಿದ್ದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಹಾಳಾಗುತ್ತದೆ, ಮೆಥೊಟ್ರೆಕ್ಸೇಟ್ ಅಥವಾ ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಅಷ್ಟಾಗಿ ಕಾಣಿಸದೆಯೂ ಇರಬಹುದು. ಅಂದೇ ಆಸ್ಪತ್ರೆಗೆ ಹೋಗಿ ಕೀಲಿನ ನೀರು ತೆಗೆಸಿ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ವ್ಯಾಯಾಮ, ಶಾಖ, ಎಣ್ಣೆ ಯಾವುದನ್ನೂ ಮಾಡಬೇಡಿ.